ಮಿಡಿಯದ ಚಿತ್ರ

"ಅಲ್ಲಾಡಬೇಡಿ," ಎಂದಳು ಜೆಲ್ಲಿ. "ನೀವು ಮಾತಾಡಿದ್ರೆ ಭುಜ ಕುಣಿಯುತ್ತೆ. ಭುಜ ಕುಣಿದ್ರೆ ಕೈ ಕುಣಿಯುತ್ತೆ."

ಗೂಬೆ ಬಾಯಿ ಮುಚ್ಚಿಕೊಂಡ. ಅವನ ಬಲಗೈ ಮೇಜಿನ ಮೇಲಿನ ನೀರಿನ ತಟ್ಟೆಯಲ್ಲಿ ಬೋರಲಾಗಿ ಮಲಗಿತ್ತು. ತಟ್ಟೆಯ ತಳದಲ್ಲಿ ಬೆರಳುದ್ದದ ಕಿಂಡಿ. ಕಿಂಡಿಯ ಕೆಳಗೆ ಆ ಪೆಟ್ಟಿಗೆ. ಊಟದ ಡಬ್ಬಿಯಷ್ಟೇ ಗಾತ್ರ, ಬೂದು ಬಣ್ಣ, ಮೂಲೆಗಳಿಗೆ ಅಂಟುಪಟ್ಟಿ ಸುತ್ತಿತ್ತು. ಬೆಳಕು ಕಣ್ಣಿಗೆ ಹೊಡೆಯದಿರಲೆಂದು ಎಲ್ಲದರ ಮೇಲೆ ಒಂದು ಕಪ್ಪು ಬಟ್ಟೆಯ ಮುಸುಕು.

ಈ ಪೆಟ್ಟಿಗೆಯನ್ನು ಕಟ್ಟಿದ ಹುಡುಗ ಇದೇ ಮೇಜಿಗೆ ತಲೆಯಾನಿಸಿಕೊಂಡು ಸತ್ತು ತಿಂಗಳಾಗಿತ್ತು. ಅವನದೇ ನಿದ್ರೆ ಮಾತ್ರೆ, ಅವನದೇ ಕಾಫಿ ಫ್ಲಾಸ್ಕು. ಆತ್ಮಹತ್ಯೆ ಎಂದು ಬರೆದು ಪೊಲೀಸರು ಕೈ ತೊಳೆದುಕೊಂಡಿದ್ದರು.

ಅವರು ಕೈ ತೊಳೆದುಕೊಂಡ ಕೇಸುಗಳ ಮೇಲೆಯೇ ಬಂದು ಕೂರುತ್ತಾನೆಂದು ಈ ಪತ್ತೇದಾರನಿಗೆ ಗೂಬೆ ಎಂದು ಹೆಸರಿಟ್ಟವರೂ ಪೊಲೀಸರೇ. ಹೆಸರನ್ನು ಬೋರ್ಡಿಗೆ ಬರೆಸಿರಲಿಲ್ಲ, ಅಷ್ಟೇ. ಕರೆದರೆ ಓಗೊಡುತ್ತಿದ್ದ.

ಪರದೆಯ ಮೇಲೆ ಕತ್ತಲೆ. ಮೊದಲು ಇರುವೆ ಹರಿದಾಡಿದಂತೆ ಏನೋ ಗಿಜಿಗಿಜಿ. ನಿಧಾನವಾಗಿ ಇರುವೆಗಳು ಚದುರಿದವು. ಕೆಂಪು ಚುಕ್ಕಿಗಳು, ನೀಲಿ ಚುಕ್ಕಿಗಳು ಒಂದೊಂದಾಗಿ ಮೂಡಿ, ಅಲ್ಲೇ ಕೂತು ಮಿಡಿಯತೊಡಗಿದವು.

"ನನ್ನೊಳಗೆ ಯಾರೋ ದೀಪ ಹಚ್ಚಿದಂಗಿದೆ."

"ಹಚ್ಚಿರೋದು ನಾವೇ. ಬೆಳಕಿನ ಏಟು ಬಿದ್ರೆ ರಕ್ತ ಒಂಚೂರು ಬಿಸಿಯಾಗಿ ಉಬ್ಬುತ್ತೆ. ಉಬ್ಬಿದಾಗ ಸದ್ದು ಮಾಡುತ್ತೆ. ನಮಗೆ ಕೇಳಲ್ಲ, ಪೆಟ್ಟಿಗೆಗೆ ಕೇಳುತ್ತೆ. ಸದ್ದು ಎಲ್ಲಿಂದ ಬಂತೋ ಅಲ್ಲಿ ಚುಕ್ಕಿ ಇಡುತ್ತೆ."

"ಬಣ್ಣ?"

"ಉಸಿರು ತುಂಬ್ಕೊಂಡಿರೋ ರಕ್ತ ಕೆಂಪು. ಉಸಿರು ಕೊಟ್ಟು ಖಾಲಿಯಾದ್ದು ನೀಲಿ."

"ಹಾಗಾದ್ರೆ ನಾನು ಬದುಕಿದ್ದೀನಿ."

"ಸದ್ಯಕ್ಕೆ," ಎಂದಳು ಜೆಲ್ಲಿ. ನಗಲಿಲ್ಲ.

ಜೆಲ್ಲಿ ಎಂಬ ಹೆಸರು ಸತ್ತ ಹುಡುಗ ಇಟ್ಟದ್ದು. ಯಂತ್ರವನ್ನು ಮನುಷ್ಯರ ಮೈಗೆ ಹಿಡಿಯುವ ಮುನ್ನ ಮೈಯ ಹಾಗಿರುವ ಇನ್ನೇನಕ್ಕಾದರೂ ಹಿಡಿದು ನೋಡಬೇಕು. ಅದಕ್ಕೆ ಅವಳು ಜೆಲ್ಲಿಯಂತೆ ಹೆಪ್ಪುಗಟ್ಟುವ ಜೆಲಟಿನ್ ಕಾಯಿಸಿ, ಒಳಗೆ ಮಸಿ ತುಂಬಿದ ಎಳೆಕೊಳವೆಗಳನ್ನು ರಕ್ತನಾಳದ ಬದಲಿಗೆ ಹೂತು, ಅಚ್ಚು ಹುಯ್ಯುತ್ತಿದ್ದಳು. ಕಿಟಕಿಯ ಕೆಳಗಿನ ಫ್ರಿಜ್ಜಿನ ತುಂಬ ಅವೇ. ತೆಗೆದು ನೋಡಿದರೆ ಯಾರದೋ ಮೈಯಿಂದ ಕತ್ತರಿಸಿಟ್ಟ ಹಾಗೆ ಕಾಣುತ್ತಿದ್ದವು.

ಮೂಲೆಯ ಸ್ಟೂಲಿನಲ್ಲಿ ಹುಡುಗನ ಅಕ್ಕ ಕೂತಿದ್ದಳು. ಬಟ್ಟೆ ಹೊಲಿದು ಬದುಕುವ ಹೆಂಗಸು. ತಾಯಿ ಹೋದ ಮೇಲೆ ತಮ್ಮನನ್ನು ಹೊಲಿಗೆ ಯಂತ್ರದ ಪಕ್ಕ ಕೂರಿಸಿಕೊಂಡೇ ಓದಿಸಿದ್ದಳು. ಅವನು ಎಷ್ಟೇ ಎತ್ತರ ಬೆಳೆದರೂ ಅವಳ ಬಾಯಲ್ಲಿ ಚಿಕ್ಕೋನೇ. ಈ ಕಪ್ಪು ಮುಸುಕೂ ಅವಳ ಕೈಯ ಹೊಲಿಗೆಯೇ.

ಗೂಬೆಯ ಬಾಗಿಲಿಗೆ ಬಂದಾಗ, ಕೊಂದವರು ಯಾರು ಎಂದು ಅವಳು ಕೇಳಿರಲಿಲ್ಲ. "ಆ ಕಂಡಕ್ಟರಮ್ಮನ್ನ ಸಾಯೋಕೆ ಮನೆಗೆ ಕಳಿಸಿದ್ದು ನನ್ನ ತಮ್ಮನ ಪೆಟ್ಟಿಗೇನಾ? ಅಷ್ಟು ಹೇಳಿ ಸಾಕು. ಹೌದಾದ್ರೆ ಹೌದು ಅನ್ನಿ, ತಡ್ಕೋತೀನಿ," ಎಂದಿದ್ದಳು.

ಕಂಡಕ್ಟರಮ್ಮ ಊರ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದವಳು. ಎದೆಯಲ್ಲಿ ಗಂಟು ಕೈಗೆ ಸಿಗುತ್ತಿದೆ, ನೋವಿಲ್ಲ, ಆದರೂ ಒಮ್ಮೆ ನೋಡಿಬಿಡಿ ಎಂದು ಬಂದಿದ್ದಳು. ಪೆಟ್ಟಿಗೆ ಹಿಡಿದರು. ಏನೂ ಇಲ್ಲ ಎಂದು ಬರೆದುಕೊಟ್ಟರು. ವರ್ಷ ತುಂಬುವ ಮೊದಲೇ ಸತ್ತಳು. ಆ ಸುದ್ದಿ ಬಂದ ವಾರದಲ್ಲೇ ಹುಡುಗನೂ ಹೋದ. ಎರಡು ಸಾವನ್ನು ಒಂದಕ್ಕೊಂದು ಗಂಟು ಹಾಕಿ ಮೂಲೆಗಿಡುವುದು ಎಲ್ಲರಿಗೂ ಅನುಕೂಲವಾಗಿತ್ತು.

"ಈಗ ಆಯಮ್ಮನದು ಹಾಕಿ," ಎಂದ ಗೂಬೆ, ಕೈ ಒರೆಸಿಕೊಳ್ಳುತ್ತ.

"ಆಗಲೇ ನೋಡಿದ್ರಲ್ಲ."

"ನೋಡಿದ್ದು ಕಾಗದದ ಮೇಲೆ. ಓಡೋದು ಇದೆಯಂತಲ್ಲ, ಅದನ್ನ ಹಾಕಿ."

ಜೆಲ್ಲಿ ಹಾಕಿದಳು. ಪರದೆಯ ತುಂಬ ಕೆಂಪು ಗೆರೆಗಳು ಕವಲೊಡೆದು ಹರಡಿಕೊಂಡವು. ಇರುವೆಯಿಲ್ಲ, ಗಿಜಿಗಿಜಿಯಿಲ್ಲ. ಗೋಡೆಗೆ ತೂಗುಹಾಕುವ ಚಿತ್ರದ ಹಾಗೆ ನುಣ್ಣಗೆ, ಚೊಕ್ಕವಾಗಿ.

ಗೂಬೆ ನೋಡಿದ. ಕುರ್ಚಿ ಎಳೆದುಕೊಂಡು ಹತ್ತಿರ ಬಂದು ನೋಡಿದ. ಇನ್ನೂ ಹತ್ತಿರ ಬಂದ; ಉಸಿರಿಗೆ ಪರದೆ ಮಂಜಾಯಿತು.

"ಮೇಡಂ, ಇದು ನಿಂತ್ಹೋಗಿದೆ."

"ಇಲ್ಲ, ಓಡ್ತಿದೆ. ಕೆಳಗೆ ನೋಡಿ, ಸೆಕೆಂಡು ಹೋಗ್ತಿದೆಯಲ್ಲ."

"ಸೆಕೆಂಡು ಹೋಗ್ತಿದೆ. ನಾಡಿ ಎಲ್ಲಿ?"

ಗೂಬೆ ತನ್ನ ಬಲಗೈ ಎತ್ತಿ ತೋರಿಸಿದ.

"ನನ್ನ ಕೈಯೊಳಗೆ ಕಪ್ಪೆ ಕುಣಿದ ಹಾಗೆ ಕುಣೀತಿತ್ತು. ಇದು ಎದೆ. ಹೃದಯದ ಪಕ್ಕದ ಮನೆ. ಒಂದು ಗೆರೆಯೂ ಮಿಸುಕ್ತಿಲ್ಲ. ಬಂದು ಮಲಗಿದಾಗಲೇ ಸತ್ತಿದ್ಲಾ ಆಯಮ್ಮ?"

ಮೂಲೆಯಲ್ಲಿ ಅಕ್ಕ ತಲೆಯೆತ್ತಿದಳು.

ಜೆಲ್ಲಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. ಬೆರಳು ಒಂದು ಗೆರೆಯ ಮೇಲೆ ತೆವಳುತ್ತ ಹೋಗಿ, ತಿರುವಿನಲ್ಲಿ ಒಂದು ಸಣ್ಣ ಕಪ್ಪು ಚುಕ್ಕೆಯ ಹತ್ತಿರ ನಿಂತಿತು. ಅವಳ ಮುಖದ ಬಣ್ಣ ಇಳಿಯಿತು.

"ಇದು ಗುಳ್ಳೆ," ಎಂದಳು. "ಕೊಳವೆಯೊಳಗೆ ಸಿಕ್ಕಿಹಾಕ್ಕೊಂಡ ಗಾಳಿ. ಎಷ್ಟು ತಟ್ಟಿದ್ರೂ ಹೋಗಲಿಲ್ಲ. ಒಂದು ಅಚ್ಚು ನೆಟ್ಟಗೆ ಹುಯ್ಯೋಕೆ ಬರಲ್ವಾ ಅಂತ ಚಿಕ್ಕೋನು ನನ್ನನ್ನ ದಿನವಿಡೀ ಆಡಿಕೊಂಡಿದ್ದ."

"ಅಂದ್ರೆ?"

"ಇದು ನಾನು ಮಾಡಿದ ಅಚ್ಚು."



"ಯಾರಾದ್ರೂ ನನಗೆ ಅರ್ಥ ಆಗೋ ಹಾಗೆ ಹೇಳಿ," ಎಂದಳು ಅಕ್ಕ.

ಗೂಬೆ ಅವಳ ಕಡೆ ತಿರುಗಿದ. ಅವನ ದನಿ ಅವನಿಗೇ ಗಡುಸಾಗಿ ಕೇಳಿಸಿತು. "ಕಂಡಕ್ಟರಮ್ಮನ ಹೆಸರಲ್ಲಿ ಇಟ್ಟಿರೋ ಚಿತ್ರ ಆಯಮ್ಮಂದಲ್ಲ ಅಕ್ಕ. ಜೆಲಟಿನ್ ಮುದ್ದೆಗೆ ಕಾಯಿಲೆ ಇಲ್ಲ ಅಂತ ಬರೆದು, ಹೆಂಗಸನ್ನ ಮನೆಗೆ ಕಳಿಸಿದ್ದಾರೆ."

ಪ್ರಯೋಗಾಲಯದ ಯಜಮಾನರನ್ನು ಎಲ್ಲರೂ ದೊಡ್ಡವರು ಎಂದೇ ಕರೆಯುತ್ತಿದ್ದರು. ಅವರ ಕೋಣೆ ಮೇಲಿನ ಮಹಡಿಯಲ್ಲಿ. ಗಾಜಿನ ಕಪಾಟಿನ ತುಂಬ ಫಲಕಗಳು, ಕಿಟಕಿಗೆ ದಪ್ಪ ಪರದೆ, ಕೂತರೆ ಸೊಂಟದ ತನಕ ಹೂತುಹೋಗುವ ಕುರ್ಚಿಗಳು.

"ಕೂತ್ಕೊಳ್ಳಿ," ಎಂದರು.

"ನಿಂತೇ ಕೇಳ್ತೀನಿ ಸಾರ್. ನಿಮ್ಮ ಕುರ್ಚಿ ಮೆತ್ತಗಿದೆ, ಕೂತ್ರೆ ಕೋಪ ಇಳಿದುಹೋಗುತ್ತೆ."

ದೊಡ್ಡವರು ಬೇಸರದಿಂದ ನಕ್ಕರು. ತಲೆ ಪೂರ್ತಿ ನರೆತ, ಮೆಲುಮಾತಿನ ಮನುಷ್ಯ. "ನನ್ನ ತಲೆ ಮೇಲೆ ಗೂಬೆ ಕೂರಿಸೋಕೆ ಬಂದಿದ್ದೀರಿ."

"ಕೂರಿಸೋದೇನು, ತಾನಾಗೇ ಬಂದಿದೆ. ಕಂಡಕ್ಟರಮ್ಮನ ಹೆಸರಲ್ಲಿ ಅಚ್ಚಿನ ಚಿತ್ರ ಹೇಗೆ ಬಂತು?"

ನಗು ಅಲ್ಲೇ ಇತ್ತು. ಅದರ ಹಿಂದಿದ್ದ ಮುಖ ಮಾತ್ರ ಎದ್ದುಹೋಯಿತು. ಅವರು ಮೇಜಿನ ಮೇಲಿನ ಪೆನ್ನನ್ನು ನೆಟ್ಟಗೆ ಇಟ್ಟರು. ಮತ್ತೆ ಸೊಟ್ಟ ಮಾಡಿದರು. ಮತ್ತೆ ನೆಟ್ಟಗಿಟ್ಟರು.

"ಅವತ್ತು ಕಂಪನಿಯವರು ಬಂದಿದ್ರು," ಎಂದರು ಕೊನೆಗೆ. "ಈ ಪೆಟ್ಟಿಗೆನ ಸಾವಿರಗಟ್ಟಲೆ ಮಾಡಿ ಸಣ್ಣ ಸಣ್ಣ ಆಸ್ಪತ್ರೆಗಳಿಗೆ ಕೊಡೋಕೆ ಮುಂದೆ ಬಂದವರು. ಅವರೆದುರಿಗೆ ನಿಜವಾದ ರೋಗಿ ಮೇಲೆ ಹಿಡಿದು ತೋರಿಸಬೇಕಿತ್ತು. ಆಯಮ್ಮ ಒಪ್ಪಿ ಮಲಗಿದ್ಲು. ಪರದೆ ಮೇಲೆ ಏನೂ ಬರಲಿಲ್ಲ."

"ಪೆಟ್ಟಿಗೆ ಕೆಟ್ಟಿತ್ತಾ?"

"ಕೆಟ್ಟಿರಲಿಲ್ಲ. ಅದರ ಸ್ವಭಾವವೇ ಅದು. ದೊಡ್ಡ ಲೇಸರು ಇದ್ರೆ ಕಣ್ಣು ಮಿಟುಕಿಸೋದ್ರಲ್ಲಿ ತೋರಿಸುತ್ತೆ. ಆದ್ರೆ ಅದಕ್ಕೆ ಬೀರುವಿನಷ್ಟು ಜಾಗ ಬೇಕು, ಅದರ ಬೆಲೆಗೆ ಮನೆ ಕಟ್ಟಬಹುದು. ಈ ಹುಡುಗ ಅದನ್ನ ಕಿತ್ತುಹಾಕಿ ಸಣ್ಣ ಸಣ್ಣ ದೀಪ ಜೋಡಿಸಿದ. ದೀಪದ ಏಟು ಮೆತ್ತಗೆ, ರಕ್ತದ ಸದ್ದೂ ಮೆತ್ತಗೆ. ಅದೇ ಸದ್ದನ್ನ ಮತ್ತೆ ಮತ್ತೆ ಕೇಳಿಸ್ಕೊಂಡು, ಎಲ್ಲಾ ಕೂಡಿಸಿ, ಆಮೇಲೆ ಚಿತ್ರ ಬಿಡಿಸುತ್ತೆ. ಕೈಗಾದ್ರೆ ಬೇಗ. ಎದೆ ಆಳ, ಅಲ್ಲಿಗೆ ಕಾಯಬೇಕು."

"ಎಷ್ಟು?"

"ಒಂದು ಕಾಫಿ ಕುಡಿಯೋಷ್ಟು ಹೊತ್ತು."

"ಅವರು ಕಾಯಲಿಲ್ಲ."

"ಒಬ್ರು ವಾಚು ನೋಡ್ಕೊಂಡ್ರು," ಎಂದರು ದೊಡ್ಡವರು. "ನಾನು ಹುಡುಗನ ಮುಖ ನೋಡಿದೆ. ಇಂಥ ಹೊತ್ತಿಗೆ ಅಂತ ಮೊದ್ಲೇ ತೆಗೆದಿಟ್ಟ ಒಂದು ಚೆಂದದ ಚಿತ್ರ ಯಾವಾಗ್ಲೂ ರೆಡಿ ಇರುತ್ತೆ. ನಾವೊಬ್ರೇ ಅಲ್ಲ, ಯಂತ್ರ ತೋರಿಸೋಕೆ ನಿಂತವರ ಪೈಕಿ ಬಹಳ ಜನ ಇಟ್ಕೊಂಡಿರ್ತಾರೆ. ಮೋಸ ಅಂತ ಯಾರಿಗೂ ಅನ್ನಿಸಲ್ಲ. ಯಂತ್ರಕ್ಕೆ ಅದನ್ನ ತೋರಿಸೋಕೆ ಬರುತ್ತೆ, ಇವತ್ತು ಸ್ವಲ್ಪ ತಡ ಮಾಡ್ತಿದೆ, ಅಷ್ಟೇ ಅಂದ್ಕೋತೀವಿ."

"ಆ ಚಿತ್ರದ ಗುಂಡಿ ಒತ್ತಿದ್ದು ಯಾರು?"

ದೊಡ್ಡವರು ಗೂಬೆಯ ಹೆಗಲಾಚೆ ನೋಡಿದರು. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಹಿಂದೆಯೇ ಮೆಟ್ಟಿಲು ಹತ್ತಿ ಬಂದದ್ದು ಇಬ್ಬರಿಗೂ ಗೊತ್ತಾಗಿರಲಿಲ್ಲ.

"ಹೇಳಿ ಸಾರ್," ಎಂದಳು. "ನನ್ನ ತಮ್ಮ ಒತ್ತಿದ್ನಾ?"

"ಬೇಡ ಅಂತ ತಲೆಯಾಡಿಸಿದ, ತಾಯಿ. ನಾನು ಇನ್ನೊಂದು ಸಲ ನೋಡಿದೆ."

"ಒತ್ತಿದ್ನಾ?"

"ಒತ್ತಿದ."

"ಸರಿ," ಎಂದಳು ಅಕ್ಕ. ಅಳತೆ ಕೊಡಲು ಬಂದವರಿಗೆ ಅನ್ನುವಂಥ ಸರಿ. ಅವಳು ಕಿರುಚಿದ್ದರೆ ಗೂಬೆಗೆ ಹಗುರವಾಗುತ್ತಿತ್ತು.

"ಪರದೆ ಮೇಲೆ ಇದ್ದದ್ದು ತಾನಾಗೇ ಆಯಮ್ಮನ ಹೆಸರಲ್ಲಿ ಉಳಿದುಬಿಟ್ಟಿದೆ," ಎಂದರು ದೊಡ್ಡವರು, ಯಾರೂ ಕೇಳದಿದ್ದರೂ. "ನಾವ್ಯಾರೂ ಅದನ್ನ ಯೋಚನೆನೇ ಮಾಡಲಿಲ್ಲ. ಕಂಪನಿಯವರನ್ನ ಕಳಿಸೋ ಗಡಿಬಿಡಿ. ಮಾರನೇ ದಿನ ಡಾಕ್ಟರು ತೆಗೆದು ನೋಡಿ, ಶುದ್ಧವಾಗಿದೆ ಅಂತ ಬರೆದ್ರು. ಆಯಮ್ಮ ಸತ್ತ ಮೇಲೆ ಹುಡುಗ ಹುಡುಕಿ ಹಿಡಿದ. ನೇರ ಇಲ್ಲಿಗೆ ಬಂದ. ನೀವು ಈಗ ನಿಂತಿದ್ದೀರಲ್ಲ, ಅಲ್ಲೇ ನಿಂತು, ಎಲ್ಲರಿಗೂ ಹೇಳಿಬಿಡ್ತೀನಿ ಅಂದ."

"ನೀವೇನಂದ್ರಿ?"

"ಒಂದು ವಾರ ತಡಿ ಅಂದೆ. ಒಪ್ಪಂದಕ್ಕೆ ಸಹಿ ಆಗಲಿ ಅಂದೆ."

"ವಾರ ತಡೆಯೋದು ಬೇಡ ಅಂತ ಆಮೇಲೆ ಅನ್ನಿಸ್ತಾ?"

ದೊಡ್ಡವರಿಗೆ ಮಾತು ಎಲ್ಲಿಗೆ ಬಂತೆಂದು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಅವರು ಇನ್ನಷ್ಟು ಮುದುಕರಾದರು. "ಅವನು ಹೋದ ದಿನ ನಾನು ಕಂಪನಿಯವರ ಊರಲ್ಲಿದ್ದೆ. ಪೊಲೀಸರು ವಿಚಾರಿಸಿ ನೋಡಿದ್ದಾರೆ. ಆಯಮ್ಮನ ವಿಷಯದಲ್ಲಿ ನೀವು ನನಗೆ ಏನು ಬೇಕಾದ್ರೂ ಅನ್ನಿ. ಆ ಹುಡುಗನ ಕೂದಲು ಕೊಂಕಲಿ ಅಂತ ನಾನು ಬಯಸಿದವನಲ್ಲ."

"ಹೆಂಗಸು ಸತ್ತಳು. ನೀವು ಬಯಸಿರಲಿಲ್ಲ. ಹುಡುಗ ಸತ್ತ. ನೀವು ಬಯಸಿರಲಿಲ್ಲ." ಗೂಬೆ ಮೇಜಿಗೆ ಎರಡೂ ಕೈ ಊರಿದ. "ಏನನ್ನೂ ಬಯಸದೆ ಇಷ್ಟು ಜನರನ್ನ ಮಣ್ಣಿಗೆ ಕಳಿಸೋಕೆ ಓದಿದವರಿಗೆ ಮಾತ್ರ ಸಾಧ್ಯ."

ಪೆನ್ನು ಉರುಳಿ ನೆಲಕ್ಕೆ ಬಿತ್ತು. ದೊಡ್ಡವರು ಅದನ್ನು ಎತ್ತಿಕೊಳ್ಳಲಿಲ್ಲ.

ಮೆಟ್ಟಿಲಿಳಿಯುವಾಗ ಅಕ್ಕ ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡುತ್ತಿದ್ದಳು.

"ಗೊತ್ತಾಯ್ತಲ್ಲ ಬಿಡಿ ಸಾರ್. ನಾನು ಕೇಳಿದ್ದಕ್ಕೆ ಉತ್ತರ ಸಿಕ್ತು. ಮನೆಗೆ ಹೋಗ್ತೀನಿ. ಯಾರದೋ ಬಟ್ಟೆ ಅರ್ಧಕ್ಕೇ ನಿಂತಿದೆ."

"ನೀವು ಕೇಳಿದ್ದು ಪೆಟ್ಟಿಗೆ ವಿಷಯ ಅಕ್ಕ. ಅವರು ಹೇಳಿದ್ದು ಬೆರಳಿನ ವಿಷಯ."

"ಬೆರಳು ಯಾರದು, ಪೆಟ್ಟಿಗೆ ಯಾರದು. ಎಲ್ಲಾ ಅವನದೇ."

"ಅವನು ಆ ಚಿತ್ರ ಹಾಕಿದಾಗ ಪೆಟ್ಟಿಗೆ ಆಯಮ್ಮನ ಎದೆ ಮೇಲೇ ಇತ್ತು. ಯಾರೂ ನಿಲ್ಲಿಸಿರಲಿಲ್ಲ. ಅದರ ಪಾಡಿಗೆ ಅದು ಕೇಳಿಸ್ಕೊಳ್ತಾನೇ ಇತ್ತು. ಕೇಳಿಸ್ಕೊಂಡಿದ್ದು ಎಲ್ಲಿ ಹೋಯ್ತು?"

ಕೆಳಗೆ ಜೆಲ್ಲಿ ಅಚ್ಚುಗಳನ್ನು ಫ್ರಿಜ್ಜಿನಿಂದ ತೆಗೆದು ಒಂದೊಂದಾಗಿ ಕಸದ ಬುಟ್ಟಿಗೆ ಹಾಕುತ್ತಿದ್ದಳು. ಗೂಬೆ ಅದೇ ಮಾತನ್ನು ಅವಳನ್ನೂ ಕೇಳಿದ.

"ಪರದೆಗೆ ಬರದಿದ್ರೆ ಹೋದಂಗೆ," ಎಂದಳು.

"ಕರೆಂಟು ಹೋದ್ರೂ ಹೀಗೇನಾ? ಎಲ್ಲಾ ಮರೆತುಬಿಡುತ್ತಾ?"

ಜೆಲ್ಲಿ ಕೈಯಲ್ಲಿದ್ದ ಅಚ್ಚನ್ನು ನೋಡುತ್ತ ನಿಂತಳು. ಉತ್ತರ ಬಂದದ್ದು ಅಕ್ಕನಿಂದ.

"ಮರೆಯಲ್ಲ," ಎಂದಳು ಅಕ್ಕ. "ಊಟಕ್ಕೆ ಕೂತಾಗ ಹೇಳ್ತಿದ್ದ. ಈ ಪೆಟ್ಟಿಗೆ ಹೋಗೋದೇ ಕರೆಂಟು ಇಲ್ಲದ ಆಸ್ಪತ್ರೆಗಳಿಗೆ, ಅದಕ್ಕೇ ಕೇಳಿಸ್ಕೊಂಡಿದ್ದನ್ನೆಲ್ಲ ತನ್ನ ಹೊಟ್ಟೇಲೇ ಇಟ್ಕೊಳ್ಳೋ ಹಾಗೆ ಮಾಡಿದ್ದೀನಿ ಅಂತ. ನಿನ್ನ ಥರನೇ ಅಕ್ಕ, ಏನನ್ನೂ ಮರೆಯಲ್ಲ ಅಂತ ಅಣಕಿಸ್ತಿದ್ದ."

ತಳದ ಮುಚ್ಚಳವನ್ನು ಗೂಬೆಯೇ ಬಿಚ್ಚಿದ. ಉಗುರಿನಷ್ಟು ದೊಡ್ಡ ಕಾರ್ಡೊಂದು ಅಲ್ಲಿ ಕೂತಿತ್ತು. ಜೆಲ್ಲಿ ಅದನ್ನು ತೆಗೆದು ಕಂಪ್ಯೂಟರಿಗೆ ಸಿಕ್ಕಿಸಿದಳು. ಆ ದಿನದ್ದನ್ನು ಹುಡುಕಿದಳು. ಸಿಕ್ಕಿತು.

ಇರುವೆಗಳು.

ಬರೀ ಇರುವೆಗಳು. ಕಂಪನಿಯವರು ಕಾಯದೆ ಬಿಟ್ಟ ಹೊತ್ತನ್ನು ಈ ಮೂವರು ಕಾದರು. ಅಕ್ಕ ಸ್ಟೂಲನ್ನು ಎಳೆದುಕೊಂಡು ಪರದೆಯ ಮುಂದೆಯೇ ಬಂದು ಕೂತಿದ್ದಳು. ಮೊದಲು ಒಂದು ಗೆರೆ ಮೂಡಿತು, ಸೊಟ್ಟಗೆ, ಮಸುಕಾಗಿ. ಅದರ ಪಕ್ಕ ಇನ್ನೊಂದು. ಅಚ್ಚಿನ ಗೆರೆಗಳ ಅಂದ ಇವಕ್ಕಿರಲಿಲ್ಲ. ಆದರೆ ಇವು ಮಿಡಿಯುತ್ತಿದ್ದವು.

ಸತ್ತ ಹೆಂಗಸಿನ ನಾಡಿ. ಬಸ್ಸಿನಲ್ಲಿ ಜನರ ನಡುವೆ ನುಸುಳಿ ಟಿಕೆಟ್ ಹರಿದವಳದು. ಪರದೆಯ ಮೇಲೆ ಅದು ತನ್ನ ಪಾಡಿಗೆ ಹೊಡೆದುಕೊಳ್ಳುತ್ತಿತ್ತು, ಇನ್ನೂ ಬಹಳ ಕಾಲ ಇರುವವಳ ಹಾಗೆ.

ಎಡಮೂಲೆಯಲ್ಲಿ ಗೆರೆಗಳು ಒಂದರೊಳಗೊಂದು ಸುತ್ತಿಕೊಂಡು, ಬಾಚಣಿಗೆಯಿಂದ ಕಿತ್ತ ಕೂದಲ ಉಂಡೆಯ ಹಾಗೆ ಸಿಕ್ಕುಗಟ್ಟಿದ್ದವು. ನಡುವೆ ಕಡುನೀಲಿ.

"ಅದೇನಾ?" ಎಂದಳು ಅಕ್ಕ.

"ಅದೇ," ಎಂದಳು ಜೆಲ್ಲಿ. "ಗಂಟು ಬೆಳೆಯೋಕೆ ರಕ್ತ ಬೇಕು. ಸುತ್ತಮುತ್ತ ಇರೋದನ್ನೆಲ್ಲ ತನ್ನ ಕಡೆ ಎಳ್ಕೊಳ್ಳುತ್ತೆ. ಇದನ್ನ ನೋಡಿದ್ರೆ ಯಾವ ಡಾಕ್ಟರೂ ಮನೆಗೆ ಕಳಿಸ್ತಿರಲಿಲ್ಲ."

ಅಕ್ಕ ಪರದೆಯ ಮೇಲೆ ಕೈಯಿಟ್ಟಳು. ಅವಳ ಬೆರಳಿನ ಕೆಳಗೆ ಸತ್ತವಳ ನಾಡಿ ಹೊಡೆದುಕೊಳ್ಳುತ್ತಿತ್ತು.

"ನೋಡಿತ್ತು," ಎಂದಳು. "ಚಿಕ್ಕೋನ ಪೆಟ್ಟಿಗೆ ನೋಡಿತ್ತು ಸಾರ್. ಇವರು ಯಾರೂ ಅದರ ಮಾತು ಕೇಳಲಿಲ್ಲ, ಅಷ್ಟೇ." ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಿಂಗಳಿಂದ ಕೆಲಸ ಮಾಡುತ್ತ ಮಾಡುತ್ತ ತಡೆದಿಟ್ಟ ಅಳು ಈಗ ಸದ್ದಿಲ್ಲದೆ, ಭುಜಗಳಿಂದ ಬಂತು.

ಗೂಬೆಗೆ ಸಮಾಧಾನ ಮಾಡಲು ಬರುತ್ತಿರಲಿಲ್ಲ. ಅವನು ಯೋಚಿಸಿದ. ಹುಡುಗ ಇದನ್ನು ನೋಡಿದ್ದ. ನೋಡಿಯೇ ಮೇಲಕ್ಕೆ ಹೋಗಿ ಹೇಳಿಬಿಡುತ್ತೇನೆಂದಿದ್ದ. ತನ್ನ ಯಂತ್ರ ಸರಿಯಿತ್ತೆಂದು ಗೊತ್ತಿದ್ದವನು, ತನ್ನ ತಪ್ಪನ್ನು ಬೀದಿಯಲ್ಲಿ ನಿಂತು ಒಪ್ಪಿಕೊಳ್ಳಲು ಹೊರಟವನು, ಆ ಮಾತನ್ನು ಆಡುವ ಮೊದಲೇ ಮಾತ್ರೆ ನುಂಗುತ್ತಾನೆಯೇ? ಹೇಳಿಯಾದ ಮೇಲೆ ಸತ್ತಿದ್ದರೆ ನಂಬಬಹುದಿತ್ತು.

"ಇದೇ ಕೊನೆಯದಾ ಮೇಡಂ? ಇದಾದ ಮೇಲೆ ಪೆಟ್ಟಿಗೆ ಏನನ್ನೂ ಕೇಳಿಸ್ಕೊಂಡಿಲ್ವಾ?"

"ಇನ್ನೊಂದಷ್ಟು ಇವೆ. ಎಲ್ಲಾ ಸುಮ್ನೆ ಪರೀಕ್ಷೆಗೆ ಮಾಡಿದ್ದು."

"ತೀರಾ ಕೊನೆಯದು ಯಾವತ್ತಿನದು?"

ಜೆಲ್ಲಿಯ ಕೈ ಕಾರ್ಡಿನ ಕಡೆ ಹೋಯಿತು. ಗೂಬೆಯ ಕೈ ಮೊದಲು ಹೋಯಿತು. ಪರದೆಯ ಮೇಲಿನ ತಾರೀಕು ಮೂವರಿಗೂ ಗೊತ್ತಿದ್ದ ತಾರೀಕು.

"ಓಡಲಿ," ಎಂದ.

ನಾಲ್ಕು ಬೆರಳುಗಳು. ಪ್ರತಿ ಬೆರಳಿನ ಎರಡು ಬದಿಗೂ ಒಂದೊಂದು ಕೆಂಪು ಚುಕ್ಕಿ.

"ಅವನದೇ ಕೈ," ಎಂದಳು ಜೆಲ್ಲಿ. "ಏನು ಸರಿಮಾಡಿದ್ರೂ ಮೊದಲು ತನ್ನ ಕೈ ಇಟ್ಟು ನೋಡ್ತಿದ್ದ. ನಿಲ್ಲಿಸೋದು ಮರೆತಿರಬೇಕು."

ಚುಕ್ಕಿಗಳು ಮಿಡಿಯುತ್ತಿದ್ದವು. ಮಿಡಿತದ ನಡುವಿನ ಬಿಡುವು ಹಿಗ್ಗುತ್ತಿತ್ತು. ಗೂಬೆ ಅಕ್ಕನನ್ನು ಹೊರಗೆ ಕಳಿಸೋಣವೆಂದು ತಿರುಗಿದ. ಅವಳ ಮುಖ ನೋಡಿ ಸುಮ್ಮನಾದ.

ಆಗ ಪರದೆಯ ಅಂಚಿನಿಂದ ಇನ್ನೇನೋ ಒಳಗೆ ಬಂತು.

ಇನ್ನೊಂದಿಷ್ಟು ಚುಕ್ಕಿಗಳು. ಸಣ್ಣವು, ಚುರುಕಾದವು. ಹುಡುಗನ ಬೆರಳುಗಳ ಸಂದಿಗೆ ಒಂದೊಂದಾಗಿ ಸೇರಿಕೊಂಡು ಅಲ್ಲೇ ನಿಂತವು. ಯಾರೋ ನೀರಿಗೆ ಕೈ ಹಾಕಿ ಅವನ ಬೆರಳಿಗೆ ಬೆರಳು ಹೆಣೆದಿದ್ದರು.

ಎರಡು ನಾಡಿ. ಒಂದು ಎಳೆದುಕೊಂಡು ಎಳೆದುಕೊಂಡು ಹೋಗುತ್ತಿದ್ದದ್ದು. ಇನ್ನೊಂದು ಮೆಟ್ಟಿಲು ಹತ್ತಿ ಬಂದ ಹಾಗೆ ಬೇಗಬೇಗ ಹೊಡೆಯುತ್ತಿದ್ದದ್ದು.

ಹುಡುಗನ ಚುಕ್ಕಿಗಳ ಕೆಂಪು ಇಳಿಯಿತು. ಕಂದಿತು. ಬೆರಳ ತುದಿಯಿಂದ ನೀಲಿ ತುಂಬಿಕೊಂಡು ಬಂತು. ಒಂದು ಮಿಡಿತ. ಬಹಳ ಹೊತ್ತಿನ ಮೇಲೆ ಇನ್ನೊಂದು. ಮತ್ತೊಂದಕ್ಕೆ ಮೂವರೂ ಕಾದರು.

ಬರಲಿಲ್ಲ.

ಅವನ ಬೆರಳುಗಳ ನಡುವೆ ಆ ಇನ್ನೊಂದು ನಾಡಿ ಮಾತ್ರ, ಏನೂ ಆಗಿಯೇ ಇಲ್ಲವೆಂಬಂತೆ, ಕೆಂಪಗೆ ಹೊಡೆದುಕೊಳ್ಳುತ್ತಲೇ ಇತ್ತು.

"ಯಾರೋ ಇದ್ದರು," ಎಂದ ಗೂಬೆ. "ಸಾಯೋವಾಗ ಪಕ್ಕದಲ್ಲಿ ಕೂತು ನೋಡಿದ್ದಾರೆ."

"ನೋಡಿಲ್ಲ," ಎಂದಳು ಅಕ್ಕ.

ಅವಳು ಪರದೆಯಿಂದ ಕಣ್ಣು ಕಿತ್ತಿರಲಿಲ್ಲ.

"ಅದು ನಾನು ಸಾರ್."

ಗೂಬೆ ತನಗೆ ಗೊತ್ತಿಲ್ಲದೆಯೇ ಎದ್ದು ನಿಂತಿದ್ದ.

"ಹಳೇ ಮುಸುಕು ಹರಿದಿತ್ತು. ಹೊಸದು ಹೊಲಿದು ತಂದಿದ್ದೆ. ಮೇಜಿಗೆ ತಲೆಯಿಟ್ಟು ಮಲಗಿದ್ದ. ಸಣ್ಣವನಿದ್ದಾಗ ನಾನು ಹೊಲೀತಿದ್ರೆ ಪಕ್ಕದಲ್ಲಿ ಹೀಗೇ ಮಲಗ್ತಿದ್ದ, ಮುಖ ಒಂದು ಕಡೆ ಮಾಡ್ಕೊಂಡು. ಕೈ ನೀರಲ್ಲಿತ್ತು. ನಾನೂ ಕೈ ಹಾಕಿ ಹಿಡ್ಕೊಂಡೆ." ಅವಳು ತನ್ನ ಅಂಗೈ ನೋಡಿಕೊಂಡಳು. "ಬೆಚ್ಚಗಿತ್ತು ಸಾರ್. ನಾನು ಎದ್ದು ಹೋಗೋ ತನಕ ಬೆಚ್ಚಗೇ ಇತ್ತು."

ಗೂಬೆ ತಟ್ಟೆಯನ್ನು ನೋಡಿದ. ತಳದಲ್ಲಿ ನೀರು ಕಾಯಿಸುವ ಬಿಲ್ಲೆಯ ಪುಟ್ಟ ದೀಪ ಉರಿಯುತ್ತಿತ್ತು. ನೀರು ತಣ್ಣಗಾದರೆ ಅದರೊಳಗೆ ಸದ್ದು ನಿಧಾನವಾಗುತ್ತದೆ, ಚಿತ್ರ ಕದಡುತ್ತದೆ. ಅದಕ್ಕೇ ಇಲ್ಲಿಯವರು ನೀರನ್ನು ಹಗಲೆಲ್ಲ ಮೈಬಿಸಿಯಷ್ಟೇ ಇಡುತ್ತಿದ್ದರು. ಆ ನೀರಿನಲ್ಲಿ ಹೆಣದ ಕೈಯೂ ತಣ್ಣಗಾಗುವುದಿಲ್ಲ.

"ಪೊಲೀಸರು ಕೇಳಿದಾಗ, ಆ ಕಡೆ ಹೋಗೇ ಇಲ್ಲ ಅಂದೆ," ಎಂದಳು ಅಕ್ಕ. "ಎಬ್ಬಿಸಿದ್ರೆ ಬದುಕ್ತಿದ್ದ ಅಂತ ಅವರು ಬಾಯಿಬಿಟ್ಟು ಹೇಳಿಬಿಟ್ರೆ ಅಂತ ಹೆದರಿಕೆ. ನಿಮಗೂ ಅದಕ್ಕೇ ಹೇಳಲಿಲ್ಲ. ಆಗ ಹೋಗಿದ್ನೋ, ಆಮೇಲೆ ಹೋದ್ನೋ ಅಂತ ಗೊತ್ತಿಲ್ಲದೇ ಇದ್ದೆ. ಈಗ ಗೊತ್ತಾಯ್ತು. ನನ್ನ ಕೈಯಲ್ಲೇ ಹೋಗಿದ್ದಾನೆ. ನಾನು ಅವನಿಗೆ ನಿದ್ದೆ ಬಂತಲ್ಲ ಅಂತ ಸಂತೋಷಪಡ್ತಾ ಕೂತಿದ್ದೆ."

ಪರದೆಯ ಮೇಲೆ ಅವಳ ನಾಡಿ ಇನ್ನೂ ಹೊಡೆದುಕೊಳ್ಳುತ್ತಿತ್ತು; ಇನ್ನೂ ಎದ್ದು ಹೋಗಿರಲಿಲ್ಲ.

ಗೂಬೆ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. "ಅಕ್ಕ, ಮುಸುಕು ತಂದಿದ್ದೀನಿ ನೋಡು ಅಂತಲೂ ಎಬ್ಬಿಸಲಿಲ್ವಾ?"

"ಎಬ್ಬಿಸ್ಬೇಡಿ ಅಂದ್ರು. ಎಷ್ಟೋ ದಿನದ ಮೇಲೆ ಈಗಷ್ಟೇ ಕಣ್ಣು ಮುಚ್ಚಿದ್ದಾನೆ, ಸದ್ದು ಮಾಡದೆ ಸ್ವಲ್ಪ ಹೊತ್ತು ಪಕ್ಕದಲ್ಲಿದ್ದು ಹೋಗಿ ಅಂದ್ರು."

"ಯಾರು?"

ಅಕ್ಕ ಅವನ ಪ್ರಶ್ನೆಯೇ ವಿಚಿತ್ರವೆಂಬಂತೆ ನೋಡಿದಳು. "ಮೇಡಂ. ಮೆಟ್ಟಿಲ ಹತ್ರ ಸಿಕ್ಕಿದ್ರು, ಬ್ಯಾಗು ಹಾಕ್ಕೊಂಡು ಹೊರಟಿದ್ರು. ಪಾಪ, ಅವನ ಮೇಲೆ ಅಷ್ಟು ಅಕ್ಕರೆ ಇವರಿಗೆ."

ಗೂಬೆ ನಿಧಾನವಾಗಿ ತಿರುಗಿದ. ಆ ದಿನ ತಾನು ರಜೆಯಲ್ಲಿದ್ದೆ, ಈ ಕಟ್ಟಡಕ್ಕೆ ಕಾಲೇ ಇಟ್ಟಿಲ್ಲ ಎಂದು ಜೆಲ್ಲಿ ಪೊಲೀಸರಿಗೆ ಹೇಳಿದ್ದಳು, ಅವನಿಗೂ ಹೇಳಿದ್ದಳು.

ಅವಳು ಅವನನ್ನು ನೋಡುತ್ತಿರಲಿಲ್ಲ. ಅಕ್ಕನನ್ನು ನೋಡುತ್ತಿದ್ದಳು. ಕನ್ನಡಕದ ಹಿಂದೆ ಕಣ್ಣು ತುಂಬಿ ಬಂದಿತ್ತು.

"ಅವನು ಎಲ್ಲರಿಗೂ ಹೇಳಿಬಿಟ್ಟಿದ್ರೆ ನಮ್ಮ ಪೆಟ್ಟಿಗೆ ಅಲ್ಲಿಗೇ ಮುಗೀತಿತ್ತು. ನೀವು ಬರ್ತೀರಿ ಅಂತ ಗೊತ್ತಿರಲಿಲ್ಲ ಅಕ್ಕ," ಎಂದಳು ಜೆಲ್ಲಿ. "ಅವನು ಒಬ್ಬನೇ ಇರ್ತಾನೆ ಅಂದ್ಕೊಂಡಿದ್ದೆ."